ತಾತ ನಡುಗಿದ ಬೆಳಿಗ್ಗೆ

ವಯಸ್ಸಾದವರು ನಡುಗದಿದ್ದರೂ ಅವರ ಮೈ ಅಪಾಯವಾಗುವಷ್ಟು ತಣ್ಣಗಾಗಬಹುದು. ಇಂದು ತಾಳವಾಡಿಯ ನಮ್ಮ ಬೀದಿಗೆ ಬಂದ ನರ್ಸ್ ಹೀಗೆಂದು ಹೇಳಿ, ಅಪ್ಪನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದರು. ನನಗೆ ತಾತ ನೆನಪಾದರು.

ತಾತ ನಸುಕಿನಲ್ಲೇ ಬಾವಿಯ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಲಿಂಗಪೂಜೆಗೆ ಕೂರುತ್ತಿದ್ದರು. ಪೂಜೆ ಮುಗಿಯುವವರೆಗೆ ಬಿಸಿ ಕಾಫಿಯೂ ಇಲ್ಲ. ಒಂದು ಮಂಜಿನ ಬೆಳಿಗ್ಗೆ ನಾನು ಕಂಬಳಿಯೊಳಗೇ ನಡುಗುತ್ತಿದ್ದೆ. ಅವರು ಅಲುಗಾಡದೆ ಕೂತಿದ್ದರು.

"ನಿಂಗೆ ಚಳಿ ಆಗಲ್ವಾ ತಾತ?"

"ಚಳಿ ನನ್ನ ಕಂಡ್ರೆ ಓಡೋಯ್ತದ ಕಣ್ಲಾ." ಮಾತು ತೊದಲುತ್ತಿತ್ತು. ವಿಭೂತಿ ಬೆರಳಿಂದ ಜಾರಿ ಬಿತ್ತು.

ಅದನ್ನು ಕಂಡ ಅಜ್ಜಿ ಒಲೆ ಬಿಟ್ಟು ಓಡಿಬಂದು ಅವರ ಹೊಟ್ಟೆ ಮುಟ್ಟಿದರು. "ಅಯ್ಯೋ, ನಿಮ್ ಒಟ್ಟೆ ಒಳ್ಳೆ ಮಡಕೆ ನೀರಂಗ್ ಅದಲ್ಲಾ! ಏಳಿ, ಒದ್ದೆ ಬಟ್ಟೆ ಬುಡಿ."

"ಪೂಜೆ ಅರ್ಧಕ್ಕೆ ಬುಡಕ್ಕಾದ್ದಾ?"

"ಶಿವ ಎಲ್ಲೂ ಓಗಲ್ಲ. ನೀವೇ ಒಂಟೋದೀರಿ!"

ಒಣ ಪಂಚೆ ಉಡಿಸಿ, ಕಂಬಳಿ ಹೊದಿಸಿ, ಅಜ್ಜಿ ನನ್ನನ್ನೂ ಅದರೊಳಗೆ ತಳ್ಳಿ ತಾತನ ಎದೆಗೆ ಒರಗಿಸಿದರು. ತುಂಬಾ ಹೊತ್ತಿನ ಮೇಲೆ ತಾತ ಗಡಗಡ ನಡುಗತೊಡಗಿದರು. ನಾನು ಹೆದರಿ ಅಳುವಂತಾದೆ. ಅಜ್ಜಿ ಮಾತ್ರ ನಕ್ಕರು.

"ನಡುಗ್ತಾವ್ರೆ ನೋಡ್ಲಾ. ಇನ್ನು ಬದುಕ್ಕಂಡ್ರು ಬುಡು."

ನಡುಕ ಹೇಗೆ ಒಳ್ಳೆಯದಾಗುತ್ತದೆ ಎಂಬ ಪ್ರಶ್ನೆ ನನ್ನಲ್ಲಿ ಎಷ್ಟೋ ಕಾಲ ಉಳಿದಿತ್ತು. ಮೈ ತನ್ನನ್ನು ತಾನೇ ಬಿಸಿಮಾಡಿಕೊಳ್ಳುವ ದಾರಿ ಅದು, ವಯಸ್ಸಾದಂತೆ ಅದು ಸೋಲುತ್ತದೆ ಎಂದು ಇವತ್ತು ನರ್ಸ್ ಬಿಡಿಸಿ ಹೇಳಿದರು.

ಅಪ್ಪನೂ ತಣ್ಣೀರೇ ಬೇಕೆನ್ನುವವರು. ತುಸು ವಾದದ ನಂತರ ಒಪ್ಪಿದ್ದಾರೆ. ನಾಳೆ ಅವರ ಸ್ನಾನ ಬಿಸಿಲೇರಿದ ಮೇಲೆ, ಬಿಸಿನೀರಿನಲ್ಲಿ.