ಮರ ಕೊಯ್ಯುವ ಮಷಿನ್ನಿಗೆ ನನ್ನ ಬ್ರಷ್

ಕೇಳಿ ಗೆಳತಿಯರೇ, ಇವತ್ತು ನನ್ನ ಹೊಸ ಹಲ್ಲುಜ್ಜುವ ಬ್ರಷ್ ಸವತಿಯ ಪಾಲಾಯಿತು. ಸವತಿ ಎಂದರೆ ಮರ ಕೊಯ್ಯುವ ಪೆಟ್ರೋಲ್ ಮಷಿನ್. ನಮ್ಮ ಮನೆಯವರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಜ್ಜುತ್ತಿದ್ದರು.

ತೋಟದಲ್ಲಿ ಬಿದ್ದ ಬೇವಿನ ಮರ ಕೊಯ್ಯಲು ಹೋದರೆ ಮಷಿನ್ ಸ್ಟಾರ್ಟ್ ಆಗಲಿಲ್ಲವಂತೆ. ಹೊಸ ಪ್ಲಗ್ ಬೇಕೆಂದು ಹೊಸಪೇಟೆಯ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವನು, "ಪ್ಲೇಟ್ ಮ್ಯಾಲೆ ಮಾಡೆಲ್ ನಂಬರ್ ಇರ್ತೈತಿ, ಓದಿ ಹೇಳ್ರಿ" ಎಂದ. ನಂಬರ್ ಎಲ್ಲಿ ಕಾಣಬೇಕು? ಆಯುಧ ಪೂಜೆಗೆ ನಾನು ಹಚ್ಚಿದ ಅರಿಶಿನ ಕುಂಕುಮ ಆಯಿಲ್ ಜೊತೆ ಸೇರಿ ಅದರ ಮೇಲೆ ಗಟ್ಟಿಯಾಗಿ ಕೂತಿತ್ತು.

"ನಂಬರ್ ಮ್ಯಾಲೇ ಯಾಕ ಹಚ್ಚಿದಿ?" ಎಂದು ನನ್ನ ಮೇಲೆ ರೇಗಿದರು.

"ಹಣಿ ಬಿಟ್ಟು ಇನ್ನೆಲ್ಲಿ ಹಚ್ಲಿ?" ಎಂದೆ.

ನನ್ನ ಬ್ರಷ್ ತಂದು ಉಜ್ಜಿದರು, ಬಾಯಿಂದ ಮೆಲ್ಲಗೆ ಊದಿದರು. ಕಮಲಾಪುರದ ಬಸ್ಸಿನಲ್ಲಿ ನನ್ನ ಕಣ್ಣಿಗೆ ಧೂಳು ಬಿದ್ದಾಗ "ನೀರ್ ಹಾಕ್ಕೋ" ಎಂದಿದ್ದ ಮನುಷ್ಯ!

ಕೊನೆಗೆ ನಂಬರ್ ಸಿಕ್ಕಿತು. ಪ್ಲಗ್ ತಂದು ಹಾಕಿ, ಏರ್ ಫಿಲ್ಟರ್ ಜಾಡಿಸಿ ಹಗ್ಗ ಎಳೆದಾಗ ಮಷಿನ್ ಗುರ್ರೆಂದಿತು. "ದನಿ ಕೇಳು, ಎಷ್ಟ್ ಚಂದ ಐತಿ!" ಎಂದು ಕಣ್ಣರಳಿಸಿದರು. ನಾನು ಹಾಡಿದರೆ ಟಿವಿ ಸೌಂಡ್ ಹೆಚ್ಚು ಮಾಡುವವರು ಇವರೇ.

ಆಮೇಲೆ ನನಗೇ ಬುದ್ಧಿ ಹೇಳಿದರು: "ತಿಂಗಳಗಟ್ಲೆ ಸುಮ್ನ ಮೂಲ್ಯಾಗ ಇಟ್ರ ಕೆಡ್ತೈತಿ. ಆಗಾಗ ಹೊರಗ ತಂದು ಮಾತಾಡಿಸ್ತಿರ್ಬೇಕು."

ಸಂಜೆ ಚಹಾ ಕೇಳಿದರು. ನಾನು ಸ್ಟಾರ್ಟ್ ಆಗಲಿಲ್ಲ.