ಸಿನಿಮಾದೊಳಗಿನ ನನ್ನ ಕೈ

ನನ್ನ ವಾರಗಿತ್ತಿ ಚೆಂದ ಇದ್ದಳು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆದರೆ, ಬರೆಯುವವಳು ಇಷ್ಟು ಹೊತ್ತು ಮುಚ್ಚಿಟ್ಟುಕೊಂಡಿದ್ದಳು ಎಂದು ಜನ ಅಂದುಕೊಳ್ಳುತ್ತಾರೆ. ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದೆ. ಬಣ್ಣ ಬಿಳಿ, ಮೂಗು ನೇರ, ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ನಾನು ಕಪ್ಪು, ಕುಳ್ಳಿ, ಹಲ್ಲು ಸ್ವಲ್ಪ ಮುಂದೆ. ಆದರೆ ಆ ಮನೆಗೆ ಬಂದವರು ಉಂಡು ಕೈತೊಳೆಯುವಾಗ ಒಳ್ಳೆಯ ಮಾತು ಆಡುತ್ತಿದ್ದರೆ ಅದು ನನ್ನ ಕೈಯಿಂದ. ಅವಳಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು.

ನಾನು ಕನ್ನಡ ಶಾಲೆಯನ್ನು ಮೂರನೇ ಇಯತ್ತೆಗೆ ಬಿಟ್ಟವಳು. ಬರೆದರೆ ಅಕ್ಷರ ದಪ್ಪ, ಸಾಲು ಸೊಟ್ಟ. ಮೊಮ್ಮಗಳು ತಿದ್ದಿಕೊಡುತ್ತೇನೆ ಎಂದಿದ್ದಾಳೆ. ಕಾಗುಣಿತ ತಿದ್ದು, ಮಾತು ತಿದ್ದಬೇಡ ಎಂದು ಹೇಳಿ ಕೊಟ್ಟಿದ್ದೇನೆ. ಮಾತು ತಿದ್ದಿದರೆ ಏನಾಗುತ್ತದೆ ಎನ್ನುವುದನ್ನು ನಾನು ಒಂದು ಸಲ ಕಂಡಿದ್ದೇನೆ.

ಆಗ ನಮ್ಮದು ಶಿರಸಿ ಪೇಟೆಯ ಮನೆ. ಮುಂದಿನ ಕೋಣೆಯಲ್ಲಿ ಭಾವನ ಫೋಟೋ ಅಂಗಡಿ, ಹಿಂದೆ ನಾವೆಲ್ಲ. ಭಾವ ಮುಂಬಯಿಯಲ್ಲಿ ಕೆಲವು ವರ್ಷ ಒಂದು ಫೋಟೋ ಅಂಗಡಿಯಲ್ಲಿದ್ದು ಬಂದವರು. ಬರುವಾಗ ಅಲ್ಲಿಯ ಮಾಲೀಕ ತನಗೆ ಹಳೆಯದಾದ ಒಂದು ಸಿನಿಮಾ ಯಂತ್ರವನ್ನು ಇವರಿಗೆ ಕೊಟ್ಟಿದ್ದ. ಎಲೆಯಡಿಕೆ ಡಬ್ಬಿಗಿಂತ ಒಂದಿಷ್ಟು ದೊಡ್ಡದು, ಪಕ್ಕದಲ್ಲಿ ತಿರುಗಿಸುವ ಹಿಡಿಕೆ. ಹಿಂದೆ ದೀಪ ಇಟ್ಟರೆ ಹಿಡಿದದ್ದನ್ನು ಅದರಲ್ಲೇ ತೋರಿಸಲೂ ಬರುತ್ತಿತ್ತು. ಆ ಮಾಲೀಕನೂ ಅವನ ಗೆಳೆಯರೂ ತಮಗೆ ತೋಚಿದ್ದನ್ನು ಹೀಗೇ ಹಿಡಿದು, ಒಟ್ಟಿಗೆ ಕೂತು ನೋಡಿ, ಒಬ್ಬರದರಲ್ಲಿ ಒಬ್ಬರು ತಪ್ಪು ಹುಡುಕುತ್ತಿದ್ದರಂತೆ. ನೀನೂ ಒಂದು ಮಾಡಿ ಕಳಿಸು, ನೋಡುತ್ತೇವೆ ಎಂದಿದ್ದರಂತೆ. ಭಾವನ ತಲೆಯಲ್ಲಿ ಅದೊಂದೇ ಕೂತಿತ್ತು.

ಏನು ಹಿಡಿಯುವುದು ಎಂದು ಬಹಳ ದಿನ ಯೋಚಿಸಿ ಕಡೆಗೆ ತೊಡದೇವು ಮಾಡುವುದನ್ನು ಹಿಡಿಯುತ್ತೇನೆ ಎಂದರು. ಮುಂಬಯಿಯವರು ಅದನ್ನು ಕಂಡೇ ಇಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಬೇಕು. ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ಅರೆದು ನೀರು ಮಾಡಿಕೊಂಡು, ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಗಡಿಗೆಯ ಬೆನ್ನಿಗೆ ಒಂದೇ ಸಲ ಎಳೆಯಬೇಕು. ಕಾಗದಕ್ಕಿಂತ ತೆಳ್ಳಗೆ ಏಳುತ್ತದೆ. ಬಿಸಿಯಿರುವಾಗಲೇ ಬೆರಳಿನಿಂದ ಎತ್ತಿ ಮಡಚಬೇಕು. ತಡವಾದರೆ ಪುಡಿ, ಅವಸರವಾದರೆ ಹರಕು. ಮನ್ಮನೆ ಎಂಬ ಊರಿನಲ್ಲಿ ನನ್ನ ತವರಿನವರೆಲ್ಲ ಮಾಡುತ್ತಿದ್ದರು, ನನಗೆ ಮದುವೆಗೆ ಮೊದಲೇ ಬರುತ್ತಿತ್ತು. ಅಕ್ಕನಿಗೆ ಬರುತ್ತಿರಲಿಲ್ಲ. ಬೆರಳು ಸುಡುತ್ತದೆ ಎಂದು ಅವಳು ಗಡಿಗೆಯ ಹತ್ತಿರವೇ ಬರುತ್ತಿರಲಿಲ್ಲ.

ಒಳಗೆ ಬೆಳಕು ಸಾಲದು ಎಂದು ಹಿತ್ತಿಲಿನಲ್ಲಿ ಕಲ್ಲು ಹೂಡಿ ಒಲೆ ಮಾಡಿಸಿದರು. ಮೊದಲು ಅಕ್ಕನನ್ನು ಕೂರಿಸಿ, ಕೈಯಲ್ಲಿ ಕೋಲು ಕೊಟ್ಟು, ನಗು ಎಂದು ಹೇಳಿ ಹಿಡಿಕೆ ತಿರುಗಿಸಿದರು. ಅವಳು ಗಡಿಗೆಯನ್ನು ನೋಡಿ ನಕ್ಕಳು, ಆಕಾಶ ನೋಡಿ ನಕ್ಕಳು, ಗಂಡನನ್ನು ನೋಡಿ ನಕ್ಕಳು. ಅದು ಅವಳ ಫೋಟೋ, ಗಂಡ ಹೆಂಡತಿಯ ವಿಷಯ ಎಂದು ನಾನು ಹಿಟ್ಟು ಕಲಸುತ್ತ ಕೂತಿದ್ದೆ.

ಆಮೇಲೆ ನನ್ನ ಸರದಿ. ಆಗಿನ ಪದ್ಧತಿಯಲ್ಲಿ ತಮ್ಮನ ಹೆಂಡತಿಯೊಡನೆ ಭಾವ ನೇರವಾಗಿ ಮಾತಾಡುವ ಹಾಗಿಲ್ಲ, ನಾವೂ ಅವರೆದುರು ನಿಲ್ಲುವ ಹಾಗಿಲ್ಲ. ಎಲ್ಲ ಮಾತು ಅತ್ತೆಯ ಮೂಲಕ ಹೋಗಿ ಬರುತ್ತಿತ್ತು. ಭಾವ ಅತ್ತೆಗೆ ಹೇಳಿದರು, ಅತ್ತೆ ನನಗೆ ಹೇಳಿದರು: ಮುಖ ಬರುವುದಿಲ್ಲ, ಕೈ ಅಷ್ಟೇ ಬರುತ್ತದೆ, ಮರ್ಯಾದೆಗೆ ಏನೂ ಆಗುವುದಿಲ್ಲ, ಕೂರು. ಬರಿಯ ಗಾಜಿನ ಬಳೆ ಚೆನ್ನಾಗಿ ಕಾಣುವುದಿಲ್ಲ ಎಂದು ಅಕ್ಕನ ಚಿನ್ನದ ಬಳೆ ಬಿಚ್ಚಿಸಿ ನನಗೆ ಹಾಕಿದರು. ಅಕ್ಕ ಮುಖ ಗಂಟು ಹಾಕಿಕೊಂಡೇ ಬಿಚ್ಚಿಕೊಟ್ಟಳು. ನನಗೆ ಅಷ್ಟು ಖುಷಿ ಅದಕ್ಕೆ ಮೊದಲು ಆ ಮನೆಯಲ್ಲಿ ಆಗಿರಲಿಲ್ಲ. ಬಳೆ ಹಾಕಿಕೊಂಡು ಎಳೆದೆ, ಎತ್ತಿದೆ, ಮಡಚಿದೆ. ಒಂದೂ ಹರಿಯಲಿಲ್ಲ. ಬಳೆ ಯಾಕೆ ಹಾಕಿಸಿದರು ಎಂದು ಹೊಳೆಯಲೂ ಇಲ್ಲ.

ಫಿಲ್ಮನ್ನು ಔಷಧಿ ನೀರಿನಲ್ಲಿ ತೊಳೆದು ಒಣಗಿಸಿ, ಕತ್ತರಿಸಿ, ಅಂಟಿಸಿ, ಸಿನಿಮಾ ಮಾಡುವುದಕ್ಕೆ ಭಾವನಿಗೆ ಮತ್ತೆ ಕೆಲವು ವಾರ ಬೇಕಾಯಿತು. ತೋರಿಸುವ ದಿನ ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಪರದೆಯ ಹಾಗೆ ಪಂಚೆ ಕಟ್ಟಿದರು. ಯಂತ್ರದ ದೀಪಕ್ಕೆ ಕರೆಂಟು ಬೇಕಲ್ಲ, ಅದಕ್ಕೆ ಶಿರಸಿ ಯಲ್ಲಾಪುರದ ನಡುವೆ ಬಸ್ಸು ಓಡಿಸುತ್ತಿದ್ದ ಸಾಹೇಬರು ತಮ್ಮ ಬಸ್ಸಿನ ಬ್ಯಾಟರಿಯನ್ನೇ ಬಿಚ್ಚಿ ಹೊತ್ತುಕೊಂಡು ಬಂದರು. ಗಂಡಸರು ಜಗಲಿಯಲ್ಲಿ, ನಾವು ಹೆಂಗಸರು ನಡುಮನೆಯ ಬಾಗಿಲ ಹಿಂದೆ.

ತಾಳಮದ್ದಳೆ ಮುಗಿದ ಮರುದಿನ ಅರ್ಥ ಹೇಳಿದವರ ತಪ್ಪನ್ನು ಚಹಾ ಕುಡಿಯುತ್ತ ಎತ್ತಿ ಆಡುವ ರೂಢಿ ನಮ್ಮ ಕಡೆ ಇತ್ತು. ಭಾವ ಅದನ್ನೇ ಇಲ್ಲಿಗೂ ತಂದರು. ಮುಂಬಯಿಯವರು ತಪ್ಪು ಹುಡುಕುವುದಕ್ಕೆ ಮೊದಲು ನೀವು ಹುಡುಕಿ, ನಾಡಿದ್ದು ಹುಬ್ಬಳ್ಳಿ ಮೇಲೆ ಮುಂಬಯಿಗೆ ಹೋಗುವವರ ಕೈಯಲ್ಲಿ ಕಳಿಸುವವನಿದ್ದೇನೆ ಎಂದು ಮೊದಲೇ ಹೇಳಿದರು.

"ಹೊಗಳಿದವಕ್ಕೆ ಚಾ ಇಲ್ಲೆ."

ಪಂಚೆಯ ಮೇಲೆ ಅಕ್ಕ ಬಂದಳು. ನಕ್ಕಳು. ಕೂಡಲೇ ಕೈ ಬಂತು, ಗಡಿಗೆಯ ಮೇಲೆ ಬಟ್ಟೆ ಎಳೆಯಿತು. ಮತ್ತೆ ಅಕ್ಕನ ಮುಖ. ಮತ್ತೆ ಕೈ, ತೊಡದೇವು ಎತ್ತಿತು, ಮಡಚಿತು. ಮತ್ತೆ ಅಕ್ಕ, ಗೆಲುವಿನಲ್ಲಿ ಆಕಾಶ ನೋಡಿದಳು. ಕೈಯಲ್ಲಿ ಅವಳ ಬಳೆ. ನನ್ನ ಕೈಯನ್ನು ಅವಳ ಮೈಗೆ ಅಂಟಿಸಿದ್ದರು. ಎಲ್ಲಿ ಅಂಟಿಸಿದ್ದಾರೆ ಎಂದು ಬಾಗಿಲ ಹಿಂದೆ ಕೂತು ಹುಡುಕಿದೆ, ನನಗೇ ಸಿಗಲಿಲ್ಲ.

ಸಾಹೇಬರಿಗೆ ಮೊದಲ ಸರದಿ. ಅವರು ಗಡ್ಡ ಕೆರೆದುಕೊಂಡು, "ಅಕ್ಕಾರ ಕೈ ಭಾಳ ಚಲೋ ಓಡ್ತದ ನೋಡ್ರಿ. ನಮ್ಮ ಬಸ್ಸಿನ ಗಾಲಿ ಹಂಗ ತಿರುಗಂಗಿಲ್ಲ" ಎಂದರು. ಚಹಾ ತಪ್ಪುತ್ತದೆ ಎಂದು ನೆನಪಾಗಿ, ವಾಸನೆ ಬರಲಿಲ್ಲ, ಅದೊಂದು ತಪ್ಪು ಎಂದು ಸೇರಿಸಿದರು. ಎಲ್ಲರೂ ನಕ್ಕರು. ಮತ್ತೊಬ್ಬರು ಬೆಂಕಿ ಕಪ್ಪಗೆ ಕಾಣುತ್ತದೆ ಎಂದರು. ಇನ್ನೊಬ್ಬರು ಹಿಂದೆ ಆಕಳು ಹಾದುಹೋಯಿತು, ಅದನ್ನು ತೆಗೆ ಎಂದರು. ಕೈಯ ವಿಷಯ ಬಂದಾಗೆಲ್ಲ ಅಕ್ಕನನ್ನೇ ಹೊಗಳಿದರು. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಅಲ್ಲ ಎನ್ನಲಿಲ್ಲ. ಬಳೆಯನ್ನು ಮೊಣಕೈ ಕಡೆಗೆ ಸರಿಸಿಕೊಂಡಳು, ಅಷ್ಟೇ.

ಕಡೆಗೆ ನನ್ನ ಗಂಡನ ಸರದಿ. ದಿನಕ್ಕೆ ಎರಡು ಹೊತ್ತು ಆ ಕೈಯಿಂದ ಬಡಿಸಿಕೊಂಡು ಉಣ್ಣುವ ಮನುಷ್ಯ. ಇವರಾದರೂ ಹೇಳುತ್ತಾರೆ ಎಂದು ನಾನು ಬಾಗಿಲಿಗೆ ಕಿವಿ ಕೊಟ್ಟೆ.

"ಅತ್ಗೆ ಕೈಲಿ ತಪ್ಪು ಹುಡುಕಲೆ ಆಗ್ತಿಲ್ಲೆ" ಎಂದರು.

ಆ ಹೊತ್ತಿಗೆ ನನಗಾದ ಹೊಟ್ಟೆಕಿಚ್ಚನ್ನು ಬರೆಯುವುದಕ್ಕೆ ಮೂರನೇ ಇಯತ್ತೆ ಸಾಲದು. ಗಂಡನ ಮೇಲೆ ಸಿಟ್ಟು ಬಂತು ಎಂದರೆ ತಪ್ಪಾಗುತ್ತದೆ. ಸಿಟ್ಟೆಲ್ಲ ಅವಳ ಕೆನ್ನೆಯ ಗುಳಿಯ ಮೇಲೆ. ಆ ಮುಖ ಪಕ್ಕದಲ್ಲಿ ಇದ್ದದ್ದಕ್ಕೆ ನನ್ನ ಕೈ ನನ್ನ ಗಂಡನಿಗೇ ಗುರುತು ಸಿಗಲಿಲ್ಲ. ಇನ್ನು ಇದು ಮುಂಬಯಿಗೆ ಹೋದರೆ ಅಲ್ಲಿಯ ಜನಕ್ಕೆ ಶಾಶ್ವತವಾಗಿ ಅದು ಅವಳ ಕೈ. ನಾಡಿದ್ದರ ಒಳಗೆ ಏನಾದರೂ ಆಗಬೇಕಿತ್ತು.

ಒಳಗಿನವರ ಅಭಿಪ್ರಾಯ ಏನು ಎಂದು ಭಾವ ಅತ್ತೆಯನ್ನು ಕೇಳಿದರು. ನಾನು ಅತ್ತೆಯ ಕಿವಿಯಲ್ಲಿ, ಆ ಕೈ ನನ್ನದು, ಎಲ್ಲರಿಗೂ ಕೇಳುವ ಹಾಗೆ ಹೇಳಿ ಎಂದೆ. ಅತ್ತೆ ನನ್ನನ್ನು ಒಂದು ಸಲ ನೋಡಿದರು, ಬಾಗಿಲ ಕಡೆ ತಿರುಗಿದರು.

"ಚೊಲೋ ಬಂಜು ಹೇಳ್ತು."

ಚೆನ್ನಾಗಿ ಬಂದಿದೆ ಎಂದೆನಂತೆ. ಮತ್ತೆ ತಿವಿದೆ. ಹಾಗಲ್ಲ, ಕೈ ನನ್ನದು ಎಂದು ಹೇಳಿ ಎಂದೆ. ಅತ್ತೆ ಇನ್ನೂ ಗಟ್ಟಿಯಾಗಿ, ಬೆಂಕಿ ಸ್ವಲ್ಪ ಕಪ್ಪಂತೆ ಎಂದು ತಿಳಿಸಿದರು. ಅವರಿಗೂ ಕಷ್ಟವಿತ್ತು, ಇಲ್ಲ ಎನ್ನುವುದಿಲ್ಲ. ಎರಡು ಸೊಸೆಯರ ಜಗಳ ಬ್ಯಾಟರಿ ತಂದ ಸಾಹೇಬರ ಎದುರು ಹೊರಗೆ ಬರುವುದು ಯಾವ ಅತ್ತೆಗೆ ಬೇಕು. ಆದರೆ ಅವರ ಕಷ್ಟ ಅವರದು.

ನಾನು ಎದ್ದು ಬಾಗಿಲು ದಾಟಿದೆ. ಮದುವೆಯಾಗಿ ಬಂದಮೇಲೆ ಗಂಡಸರು ಕೂತ ಜಗಲಿಗೆ ಹಾಗೆ ಹೋದದ್ದು ಅದೇ ಮೊದಲು. ಪಂಚೆಯ ಎದುರು ನಿಂತೆ. ಯಾರ ಮುಖವನ್ನೂ ನೋಡಲಿಲ್ಲ, ಯಂತ್ರವನ್ನು ನೋಡಿಕೊಂಡು ಹೇಳಿದೆ.

"ಭಾವ, ಆ ಕೈ ನಂದು. ಮುಖ ಬ್ಯಾಡ್ದಿದ್ರೆ ಕೈಯೂ ಬ್ಯಾಡ. ತೆಗ್ದುಬಿಡಿ."

ಸಾಹೇಬರು ಬ್ಯಾಟರಿಯ ತಂತಿ ಸರಿ ಇದೆಯೋ ಎಂದು ನೋಡತೊಡಗಿದರು. ನನ್ನ ಗಂಡ ಮಂಡಿಯನ್ನು ನೋಡಿಕೊಂಡರು. ಭಾವ ನನ್ನ ಕಡೆ ತಿರುಗಲಿಲ್ಲ. ಮೂರು ಮಾರು ದೂರದಲ್ಲಿ ನಿಂತು ನಾನೇ ಹೇಳಿದ್ದರೂ, ಇವಳು ಏನೆನ್ನುತ್ತಾಳೆ ಎಂದು ಬಾಗಿಲ ಹಿಂದಿನ ತಾಯಿಯನ್ನು ಕೇಳಿದರು.

"ಆಯಿ, ಇದು ಎಂತ ಹೇಳ್ತಾ ಇದ್ದು?"

ಅತ್ತೆ ಈ ಸಲ ತಿದ್ದಲಿಲ್ಲ, ನಾನು ಹೇಳಿದ್ದನ್ನೇ ಹೇಳಿದರು.

"ಕೈ ಅದರದ್ದಡ. ತೆಗ್ಯವಡ."

ತೆಗೆದರು. ಭಾವ ಮಾತಿಗೆ ತಪ್ಪುವವರಲ್ಲ. ತಪ್ಪು ಹೇಳಿ ಎಂದು ಕರೆದವರೇ ಅವರು. ಮರುದಿನ ಅಂಗಡಿಯ ಕತ್ತಲೆ ಕೋಣೆಯಲ್ಲಿ ಕೂತು ಕೈಯಿದ್ದ ತುಂಡುಗಳನ್ನೆಲ್ಲ ಕತ್ತರಿಸಿ, ಮುಖಕ್ಕೆ ಮುಖ ಅಂಟಿಸಿ, ಕತ್ತರಿಸಿದ್ದನ್ನು ಒಂದು ಕಾಗದದಲ್ಲಿ ಸುತ್ತಿ ಅತ್ತೆಯ ಕೈಯಲ್ಲಿ ಕಳಿಸಿದರು. ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಉಗುರಿನಷ್ಟು ಚಿಕ್ಕ ಚಿತ್ರ, ಒಂದರ ಕೆಳಗೊಂದು, ಎಲ್ಲದರಲ್ಲೂ ನನ್ನ ಕೈ. ಅದನ್ನು ಅರಿಶಿನದ ಖಾಲಿ ಡಬ್ಬಿಯಲ್ಲಿಟ್ಟೆ. ಅಂದು ರಾತ್ರಿ ಗಂಡ ಉಣ್ಣುವಾಗ ನಾನು ಬಡಿಸಿದ ಕೈಯನ್ನು ಬಹಳ ಹೊತ್ತು ನೋಡಿದರು. ನೋಡಲಿ ಎಂದು ಇನ್ನೊಂದು ಸೌಟು ಸಾರು ಹಾಕಿದೆ.

ಕೊಂಡೊಯ್ಯುವವರ ಪ್ರಯಾಣ ಒಂದು ವಾರ ಮುಂದೆ ಹೋಯಿತು. ಸಿನಿಮಾ ಮುಂಬಯಿಗೆ ಹೋಗುವ ಮೊದಲು ಯಲ್ಲಾಪುರದಲ್ಲಿ ಅತ್ತೆಯ ತವರಿನಲ್ಲಿ ಇನ್ನೊಂದು ಸಲ ತೋರಿಸಿದರು. ಅಲ್ಲಿಯವರಿಗೆ ಕೈಯ ಕಥೆ ಗೊತ್ತಿಲ್ಲ. ಒಲೆಯ ಮುಂದೆ ಕೂತ ಹೆಂಗಸು ಏನೂ ಮಾಡದೆ ಗಡಿಗೆ ನೋಡಿ ನಗುತ್ತಾಳೆ, ಆಕಾಶ ನೋಡಿ ನಗುತ್ತಾಳೆ. ಯಾರೋ ಒಬ್ಬ ಅಜ್ಜಿ, ಈ ಕೂಸಿಗೆ ಏನೋ ಹೆಚ್ಚುಕಮ್ಮಿ ಆಗಿದೆ, ಸೋಂದಾಕ್ಕೆ ಕರೆದುಕೊಂಡು ಹೋಗಿ ಮಠದಲ್ಲಿ ತೀರ್ಥ ಕೊಡಿಸಿ ಎಂದರಂತೆ. ಅಕ್ಕ ತಿರುಗಿ ಬಂದವಳು ಸೀದಾ ಅಡಿಗೆಮನೆಗೆ ಬಂದಳು.

"ನೀ ಕೈ ತೆಗೆಸಿದೆ. ಈಗ ನಂಗೆ ಹುಚ್ಚು ಹೇಳಿ ಜನ ನಗ್ತ."

ನಕ್ಕದ್ದು ನೀನೇ ಅಲ್ಲವೇ ಎಂದೆ. ಅವಳು ಅತ್ತಳು. ನನಗೆ ಹೊಟ್ಟೆ ತುಂಬಿತು. ಆ ವಾರ ನಾನು ಮಾಡಿದ ಅಡಿಗೆಗೆಲ್ಲ ಉಪ್ಪು ಹುಳಿ ಸರಿಯಾಗಿ ಬಿದ್ದಿತ್ತು.

ಆ ಸುಖ ಮಳೆಗಾಲದವರೆಗೂ ಉಳಿಯಲಿಲ್ಲ. ಮುಂಬಯಿಯಲ್ಲಿ ಅವರು ಕೂತು ನೋಡಿದ ಸುದ್ದಿಯನ್ನು ಹೋಗಿ ಬಂದವರೊಬ್ಬರು ಬಾಯಲ್ಲಿ ತಂದರು. ಬೆಂಕಿ ಕಪ್ಪು, ಅಂಟಿಸಿದ್ದು ಒರಟು, ಎಂದೆಲ್ಲ ತಪ್ಪು ಹೇಳಿದರಂತೆ. ಆದರೆ ಆ ಮುಖ ಮಾತ್ರ ಬಹಳ ಒಳ್ಳೆಯದಂತೆ. ಏನೂ ಮಾಡದೆ ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ನಗುವ ಹೆಂಗಸು, ಏಕೆ ನಗುತ್ತಾಳೆ ಎಂದು ತೋರಿಸದೆ ಬಿಟ್ಟದ್ದೇ ಜಾಣತನವಂತೆ. ಬೇರೆ ಯಾರಾದರೂ ಆಗಿದ್ದರೆ ಅಡಿಗೆ ಮಾಡುವ ಕೈಯನ್ನು ತೋರಿಸಿ ಹಾಳುಮಾಡುತ್ತಿದ್ದರಂತೆ. ಇನ್ನೂ ನಾಲ್ಕು ಜನಕ್ಕೆ ತೋರಿಸುತ್ತೇವೆ ಎಂದು ಸಿನಿಮಾವನ್ನು ಅಲ್ಲೇ ಇಟ್ಟುಕೊಂಡರು.

ಅಕ್ಕ ಅದನ್ನು ಕೇಳಿ ನನ್ನ ಮುಂದೆ ಸುಮ್ಮನೆ ನಕ್ಕಳು, ಗುಳಿ ಬಿತ್ತು. ನನ್ನ ಕೈ ತೆಗೆದಿದ್ದಕ್ಕೇ ಅವಳಿಗೆ ಹೆಸರು ಬಂತು. ಅದು ನಾನೇ ಮಾಡಿಕೊಟ್ಟದ್ದು.

ಆ ಸಿನಿಮಾ ಮುಂಬಯಿಯಿಂದ ತಿರುಗಿ ಬರಲೇ ಇಲ್ಲ. ಮಾಲೀಕ ಸತ್ತ, ಅಂಗಡಿ ಬೇರೆಯವರದಾಯಿತು. ಭಾವ ಒಂದೆರಡು ಸಲ ಕೇಳಿಸಿ ಬಿಟ್ಟರು. ಮತ್ತೆ ಯಂತ್ರವೂ ಕೆಟ್ಟಿತು. ಕಾಲ ಕಳೆದು ಭಾವನೂ ಹೋದರು, ನನ್ನ ಗಂಡನೂ ಹೋದರು. ಉಳಿದದ್ದು ನಾವಿಬ್ಬರು, ಒಂದೇ ಮನೆಯಲ್ಲಿ, ಎರಡು ಮೂಲೆಯಲ್ಲಿ.

ಮೊನ್ನೆ ಮೊನ್ನೆ, ಅವಳು ಸಾಯುವ ಹಿಂದಿನ ವರ್ಷ, ಒಂದು ಮಧ್ಯಾಹ್ನ ನನ್ನ ಮೂಲೆಗೆ ಬಂದು ಕೂತಳು. ಕೆನ್ನೆಯೆಲ್ಲ ಗುಳಿಯೇ ಆಗಿತ್ತು. ಅರಿಶಿನದ ಡಬ್ಬಿಯಲ್ಲಿರುವುದನ್ನು ಒಮ್ಮೆ ತೋರಿಸು ಎಂದಳು. ಅವಳ ಗಂಡ ಮಾಡಿದ ಸಿನಿಮಾದಲ್ಲಿ ಉಳಿದದ್ದು ಅದೊಂದೇ. ಅವಳ ಮುಖ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ, ನನ್ನ ಕೈ ಮಾತ್ರ ಡಬ್ಬಿಯಲ್ಲಿ ಭದ್ರವಾಗಿತ್ತು. ಇಷ್ಟು ವರ್ಷ ಕಾದದ್ದಕ್ಕೆ ನನ್ನ ಕೈ ಮೇಲಾಯಿತು ಎಂದುಕೊಂಡೆ. ಅವಳ ಕೈಗೆ ಕೊಡಲಿಲ್ಲ. ನಾನೇ ಕಿಟಕಿಗೆ ಹಿಡಿದು ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಬಳೆ ನಂದು" ಎಂದಳು.

ಹೌದು, ಅವಳದ್ದೇ. ತನ್ನ ಮಗಳ ಮದುವೆಗೆ ಅವಳು ಕರಗಿಸಿದ್ದ ಬಳೆ. ಈಗ ಅದು ಇರುವುದು ಅಲ್ಲಿ ಒಂದೇ ಕಡೆ, ನನ್ನ ಕೈಯ ಮೇಲೆ. ಕೈ ನಂದು ಎಂದು ನಾನು ಹೇಳಿದೆ. ಬಳೆ ನಂದು ಎಂದು ಅವಳು ಮತ್ತೆ ಹೇಳಿದಳು. ಚಹಾದ ಹೊತ್ತಾಯಿತು ಎಂದು ಸೊಸೆ ಕರೆಯುವವರೆಗೆ ನಾವು ಅದನ್ನೇ ಹೇಳುತ್ತ ಕೂತಿದ್ದೆವು.