ಬಾಯಾರಿಕೆಯ ಅರ್ಜಿ

ಬೆಳಗಾವಿ ಕಡೆಯ ಒಂದು ಹೊಲಗೇರಿಯಲ್ಲಿ ಹುಟ್ಟಿದವನು ನಾನು. ನಮ್ಮ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗ ನಾನು, ಬಿ.ಎ. ಮುಗಿಸಿದ ಮೊದಲಿಗನೂ ನಾನೇ. ನಡುವೆ ಯಾರೂ ಇಲ್ಲ. ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನನಾದ ಮೇಲೆ ನಾನು ಬರೆದ ಕಾಗದಗಳನ್ನು ಎಲ್ಲರೂ ಮುಟ್ಟುತ್ತಿದ್ದರು. ನನ್ನನ್ನಲ್ಲ.

ಮೂಲೆಯಲ್ಲಿ ನೀರಿನ ಗಡಿಗೆ ಇತ್ತು. ಉಳಿದ ಕಾರಕೂನರು ತಾವೇ ಮೊಗೆದು ಕುಡಿಯುತ್ತಿದ್ದರು. ನಾನು ಮಾತ್ರ ಅಂಗಳಕ್ಕಿಳಿದು ಬೊಗಸೆಯೊಡ್ಡಬೇಕು, ಜವಾನ ಮೇಲಿನಿಂದ ಸುರಿಯಬೇಕು. ಅವನು ಟಪಾಲಿಗೆ ಹೋದಾಗ ನನಗೆ ಬಾಯಾರಬಾರದು. ಬೇಸಿಗೆಯಲ್ಲಿ ಅವನು ದಿನವಿಡೀ ಟಪಾಲಿಗೆ ಹೋಗುತ್ತಿದ್ದ.

ಜಗಳವಾಡಿದರೆ ನೌಕರಿ ಹೋಗುತ್ತದೆ. ಆದರೆ ಆ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಬಂದ ಕಾಗದ ಯಾವುದೇ ಇರಲಿ, ದಾಖಲಾಗಿ, ಶಿರಸ್ತೇದಾರರ ಷರಾ ಪಡೆದು, ಇಂಗ್ಲಿಷ್ ಸಾಹೇಬರ ಮೇಜಿಗೆ ಹೋಗಲೇಬೇಕು. ದಾಖಲೆ ಪುಸ್ತಕ ನನ್ನ ಕೈಯಲ್ಲಿತ್ತು. ಒಂದು ಮಧ್ಯಾಹ್ನ ಒಳ್ಳೆಯ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ: ನನಗೆ ಬಾಯಾರಿಕೆಯಾಗಿದೆ, ಕಚೇರಿಯ ಗಡಿಗೆಯಿಂದ ನಾನೇ ನೀರು ತೆಗೆದುಕೊಳ್ಳಲು ಅಪ್ಪಣೆಯಾಗಬೇಕು. ನಾನೇ ಸ್ವೀಕರಿಸಿ, ನಾನೇ ನಂಬರು ಹಾಕಿದೆ.

ಶಿರಸ್ತೇದಾರರು ಧಾರವಾಡದವರು. ಅದನ್ನು ಎರಡು ಸಲ ಓದಿದರು.

“ಏನ್ರೀ ಬಿ.ಎ., ನೀರಡಿಕಿಗೂ ಅರ್ಜಿ?”

“ಹೌದ್ರಿ ರಾಯರ. ಬಾಯಿಲೆ ಕೇಳಿದ್ರ ಸೊಕ್ಕು ಅಂತೀರಿ.”

“ಜವಾನ ಬರತಾನಲ್ಲ?”

“ಬಂದ ಕೂಡ್ಲೇ ಅರ್ಜಿ ವಾಪಸ್ ತಗೋತೀನ್ರಿ.”

‘ವಿಚಾರದಲ್ಲಿದೆ’ ಎಂದು ಷರಾ ಬರೆದು ತಮ್ಮಲ್ಲೇ ಇಟ್ಟುಕೊಂಡರು. ಮತ್ತೆ ಬಾಯಾರಿತು, ಮತ್ತೊಂದು ಅರ್ಜಿ ಕೊಟ್ಟೆ. ಶನಿವಾರದ ಹೊತ್ತಿಗೆ ಹನ್ನೊಂದಾದವು.

“ಅಲ್ರೀ, ಮನುಷ್ಯಾಗ ಇಷ್ಟ್ಯಾಕ ನೀರಡಿಕಿ?”

“ಅರ್ಜಿ ಬರದು ಬರದು ಗಂಟಲ ಒಣಗತದ್ರಿ.”

ಹನ್ನೊಂದು ನಂಬರುಗಳಿಗೆ ಉತ್ತರವಿಲ್ಲವೆಂದು ದಾಖಲೆ ಪುಸ್ತಕವೇ ಹೇಳುತ್ತಿತ್ತು. ಸೋಮವಾರ ಸಾಹೇಬರು ಅದನ್ನು ತರಿಸಿ ನೋಡುವ ದಿನ. ಶಿರಸ್ತೇದಾರರು ಬೇರೆ ದಾರಿಯಿಲ್ಲದೆ ಕಟ್ಟನ್ನು ಒಳಗೆ ಕಳಿಸಿದರು. ಸಾಹೇಬರು ಮೇಲಿನ ಅರ್ಜಿಯ ಮೇಲೆ ‘ಕುಡಿಯಲಿ’ ಎಂದು ಬರೆದು, ಉಳಿದ ಹತ್ತಕ್ಕೂ ಅದೇ ಅನ್ವಯ ಎಂದರು.

ನಾನು ಎದ್ದು ಹೋಗಿ ನೀರು ಮೊಗೆದೆ. ಕಚೇರಿಯಲ್ಲಿ ಒಂದು ಲೇಖನಿಯೂ ಓಡಲಿಲ್ಲ. ಎರಡು ಲೋಟ ಕುಡಿದೆ. ಎರಡನೆಯದು ಬೇಕಾಗಿರಲಿಲ್ಲ.

ಮರುದಿನದಿಂದ ಎಲ್ಲರೂ ಮನೆಯಿಂದ ತಾಮ್ರದ ತಂಬಿಗೆಯಲ್ಲಿ ನೀರು ತರತೊಡಗಿದರು. ಅದಕ್ಕೆ ನಾನು ಅರ್ಜಿ ಬರೆಯುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ನೀರು ಕಾಯುತ್ತಿತ್ತು. ಮುಖ ಹಿಂಡಿಕೊಂಡು ಕುಡಿಯುತ್ತಿದ್ದರು. ಮೂರನೆಯ ವಾರ ಶಿರಸ್ತೇದಾರರು ನನ್ನ ಮೇಜಿನ ಬಳಿ ಬಂದು, ಕಿಟಕಿಯಾಚೆ ನೋಡುತ್ತ ಕೇಳಿದರು: “ಗಡಿಗ್ಯಾಗ ನೀರು ತಣ್ಣಗ ಅದಾವೇನ್ರಿ?”

“ಅದಾವ್ರಿ,” ಎಂದೆ. ಅವರು ಗಡಿಗೆಯ ಕಡೆ ಒಮ್ಮೆ ನೋಡಿ, ತಮ್ಮ ತಂಬಿಗೆಯ ಕಡೆಗೆ ನಡೆದರು.